ಅಮೆರಿಕದ ಮರದ ಮನೇಲಿ ವೈರು-ಪೈಪಿಗೆ ತೂತು ಕೊರೆಯೋದು ಹೇಗೆ: ಬೇಸ್‌ಮೆಂಟ್ ಕೆಲಸ ತಾವೇ ಮಾಡ್ಕೊಳ್ಳೋರಿಗೆ ಪೂರ್ತಿ ಗೈಡ್

ನ್ಯೂಜೆರ್ಸಿ, ಇಲಿನಾಯ್, ಮಿಷಿಗನ್, ಒಹಾಯೊ ಕಡೆ ಮನೆ ತಗೊಂಡ ನಮ್ಮೋರಿಗೆ ಒಂದಲ್ಲ ಒಂದು ದಿನ ಬೇಸ್‌ಮೆಂಟ್ ಫಿನಿಶ್ ಮಾಡೋ ಯೋಚನೆ ಬಂದೇ ಬರತ್ತೆ. ಕಾಂಟ್ರಾಕ್ಟರ್ ಹೇಳಿದ ರೇಟ್ ಕೇಳಿ ತಲೆ ತಿರುಗಿ, ಫ್ರೇಮಿಂಗು ವೈರಿಂಗು ನಾವೇ ಮಾಡ್ಕೊಂಡ್ರಾಯ್ತು ಅಂತ ಯೂಟ್ಯೂಬ್ ಹಾಕಿದ್ರೆ, ಅಲ್ಲೊಬ್ಬ ಡ್ರಿಲ್ ಹಿಡ್ಕೊಂಡು ಬೆಣ್ಣೆ ಕೊರೆದ ಹಾಗೆ ಸ್ಟಡ್ (ಗೋಡೆ ಒಳಗೆ ನಿಂತಿರೋ ಮರದ ಕಡ್ಡಿ) ಮೇಲೆ ಸ್ಟಡ್ ಕೊರ್ಕೊಂಡು ಹೋಗ್ತಿರ್ತಾನೆ. ಕೈಗೆ ಅದು ಸುಲಭವೇ, ಸುಳ್ಳಲ್ಲ. ಆದ್ರೆ ತೂತು ಎಲ್ಲಿ ಬರಬೇಕು, ಎಷ್ಟು ದೊಡ್ಡದಿರಬೇಕು ಅನ್ನೋದು ಡ್ರಿಲ್ ಕೈಗೆ ತಗೊಳ್ಳೋ ಮುಂಚೆನೇ ತೀರ್ಮಾನ ಆಗಿರ್ಬೇಕು. ಅದಕ್ಕೇ ಈ ಗೈಡಲ್ಲಿ ಪೆನ್ಸಿಲ್ ಕೆಲಸದ ಮಾತೇ ಜಾಸ್ತಿ.

ಊರಲ್ಲಿ ವೈರಿಂಗ್ ನೋಡಿದೋರಿಗೆ ಒಂದು ವಿಷಯ ತಲೇಲಿ ಕೂರ್ಬೇಕು. ಅಲ್ಲಿ ಪಿಲ್ಲರು-ಬೀಮು ಭಾರ ಹೊತ್ಕೊಂಡಿರತ್ತೆ, ಮಧ್ಯದ ಇಟ್ಟಿಗೆ ಗೋಡೆಗೆ ಕಟಿಂಗ್ ಮೆಷಿನ್ ಹಾಕಿ, ಪೈಪ್ ಕೂರಿಸಿ, ಮೇಲೆ ಸಿಮೆಂಟ್ ಮೆತ್ತಿದ್ರೆ ಮುಗೀತು, ಪಿಲ್ಲರಿಗೆ ಮಾತ್ರ ಯಾರೂ ಕೈ ಹಾಕಲ್ಲ. ಇಲ್ಲಿ ಭಾರ ಹೊರೋ ಗೋಡೆ ಒಳಗಿನ ಒಂದೊಂದು ಸ್ಟಡ್ಡೂ ಪಿಲ್ಲರ್ರೇ, ತಲೆ ಮೇಲಿನ ಒಂದೊಂದು ಜೋಯಿಸ್ಟೂ (ಮಹಡಿ ಹೊರೋ ಹಲಗೆ) ಬೀಮೇ, ನಾವು ಕೊರೆಯೋದು ಅದನ್ನೇ. ಕೊರೆದದ್ದಕ್ಕೆ ಸಿಮೆಂಟ್ ಮೆತ್ತಿ ಸರಿ ಮಾಡೋ ಹಾಗೂ ಇಲ್ಲ.

ಮುಂದೆ ಬರೋ ಅಳತೆಗಳು ಐಆರ್‌ಸಿ (ಮನೆ ಕಟ್ಟೋ ಕೋಡ್), ಎನ್‌ಇಸಿ (ಕರೆಂಟಿನ ಕೋಡ್) ಅನ್ನೋ ಎರಡು ಮಾದರಿ ಕೋಡುಗಳವು. ರಾಜ್ಯ, ಟೌನ್‌ಶಿಪ್ಪು ಇವನ್ನ ತಮ್ಮ ತಿದ್ದುಪಡಿ ಸೇರಿಸಿ ಜಾರಿ ಮಾಡಿರ್ತಾರೆ, ಚಿಕಾಗೋ ಸಿಟೀಲಂತೂ ಮನೆ ವೈರಿಂಗಿಗೂ ಲೋಹದ ಕಾಂಡ್ಯೂಟೇ (ವೈರ್ ಹೋಗೋ ಕೊಳವೆ) ಬೇಕು, ಬೇರೆ ಕಡೆ ಎಲ್ರೂ ಎಳೆಯೋ ಪ್ಲಾಸ್ಟಿಕ್ ಹೊದಿಕೆಯ ರೋಮೆಕ್ಸ್ ಕೇಬಲ್ ಅಲ್ಲಿ ನಡೆಯಲ್ಲ. ಹಾಗಾಗಿ ಮೊದಲು ಪರ್ಮಿಟ್ ಆಫೀಸಿಗೆ ಫೋನ್ ಮಾಡಿ, ಯಾವ ವರ್ಷದ ಕೋಡ್ ನಡೀತಿದೆ, ಮನೆ ಓನರೇ ವೈರಿಂಗ್ ಮಾಡ್ಬಹುದಾ, ಪ್ಲಂಬಿಂಗ್ ಮಾಡ್ಬಹುದಾ ಅಂತ ಕೇಳ್ಕೊಳ್ಳಿ.

ಮೊದಲು: ಎದುರಿಗಿರೋ ಮರ ಯಾವುದು?

ನಿಂತಿರೋ ಕಡ್ಡಿ ಸ್ಟಡ್. ಅದರ ತಲೆ-ಕಾಲಲ್ಲಿ ಮಲಗಿರೋದು ಪ್ಲೇಟ್. ಮೇಲಿನ ಮಹಡಿ ಹೊತ್ತಿರೋ, ನಮ್ಮ ಹಳೇ ಮನೆ ಜಂತೆ ಥರ ಸಾಲಾಗಿ ಹಾಕಿರೋ ಹಲಗೆಗಳು ಜೋಯಿಸ್ಟ್. ಇವು ಮೂರೂ ಇಡೀ ಮರದವಾದ್ರೆ ಕೆಳಗಿನ ಲೆಕ್ಕ ನಡೆಯತ್ತೆ.

ಇಡೀ ಮರ ಅಲ್ದೇ ಇದ್ರೆ ಕಥೆ ಬೇರೆ. ಜೋಯಿಸ್ಟನ್ನ ಅಡ್ಡ ಕುಯ್ದ್ರೆ ಇಂಗ್ಲಿಷಿನ ಐ ಅಕ್ಷರದ ಹಾಗೆ ಕಾಣೋದು, ಅಂದ್ರೆ ಮೇಲೆ-ಕೆಳಗೆ ದಪ್ಪ ಪಟ್ಟಿ ಇದ್ದು ಮಧ್ಯೆ ತೆಳ್ಳಗೆ ಓಎಸ್‌ಬಿ (ಮರದ ಚೂರು ಒತ್ತಿ ಅಂಟಿಸಿದ ಹಲಗೆ) ಇರೋದು ಐ-ಜೋಯಿಸ್ಟ್, 1990ರ ನಂತರದ ಮನೆಗಳಲ್ಲಿ ತುಂಬಾ ಸಿಗತ್ತೆ. ಅದರ ದಪ್ಪ ಪಟ್ಟಿಗೆ ಒಂದು ಗೀರೂ ಹಾಕೋ ಹಾಗಿಲ್ಲ, ಮಧ್ಯದ ಓಎಸ್‌ಬಿಗೆ ಎಲ್ಲಿ ಎಷ್ಟು ದೊಡ್ಡ ತೂತು ಅನ್ನೋದಕ್ಕೆ ಕಂಪನಿಯವರದೇ ಚಾರ್ಟ್ ಇರತ್ತೆ, ಜೋಯಿಸ್ಟ್ ಪಕ್ಕದಲ್ಲಿ ಪ್ರಿಂಟಾಗಿರೋ ಹೆಸರು-ಸೀರೀಸ್ ನೋಡಿ ಆನ್‌ಲೈನಲ್ಲಿ ಹುಡುಕಿದ್ರೆ ಸಿಗತ್ತೆ. ಎಷ್ಟೋ ಐ-ಜೋಯಿಸ್ಟಿಗೆ ಫ್ಯಾಕ್ಟರೀಲೇ ಒಂದೂವರೆ ಇಂಚಿನ ಗುಂಡು ನಾಕ್‌ಔಟ್ ಕೊಟ್ಟಿರ್ತಾರೆ, ಸುತ್ತಿಗೇಲಿ ತಟ್ಟಿದ್ರೆ ಉದುರತ್ತೆ, ವೈರಿಗೆ ಅಷ್ಟು ಸಾಕು. ಸಣ್ಣ ಕಡ್ಡಿಗಳನ್ನ ತ್ರಿಕೋನ ತ್ರಿಕೋನವಾಗಿ ಜೋಡಿಸಿ, ಕೂಡೋ ಜಾಗದಲ್ಲಿ ಮುಳ್ಳಿನ ಲೋಹದ ಪ್ಲೇಟ್ ಒತ್ತಿದ್ರೆ ಅದು ಟ್ರಸ್. ಎಂಜಿನಿಯರ್ ಬರೆದು ಕೊಡದೆ ಟ್ರಸ್ ಕೊರೆಯೋ ಹಾಗೇ ಇಲ್ಲ, ಕೊರೆಯೋ ಅಗತ್ಯನೂ ಇಲ್ಲ, ಸಂದುಗಳಲ್ಲೇ ದಾರಿ ಇರತ್ತೆ. ಪದರ ಪದರ ಅಂಟಿಸಿದ ಎಲ್‌ವಿಎಲ್ ಬೀಮಿಗೂ ಕಂಪನಿ ಚಾರ್ಟ್ ಇಲ್ದೆ ಬಿಟ್ ಮುಟ್ಟಿಸ್ಬೇಡಿ.

ಇನ್ನು ಗೋಡೆ ಭಾರ ಹೊರತ್ತಾ ಇಲ್ವಾ? ಹೊರಗಿನ ಗೋಡೆಗಳನ್ನ ಭಾರದ ಲೆಕ್ಕಕ್ಕೇ ಹಾಕಿ. ಒಳಗಿನ ಗೋಡೆ ಜೋಯಿಸ್ಟುಗಳಿಗೆ ಅಡ್ಡಡ್ಡ ಇದ್ದು, ಎರಡು ಕಡೆಯ ಜೋಯಿಸ್ಟಿನ ತುದಿ ಅದರ ಮೇಲೆ ಒಂದರ ಪಕ್ಕ ಒಂದು ಕೂತಿದ್ರೆ ಅದು ಭಾರದ ಗೋಡೆ. ಬೇಸ್‌ಮೆಂಟಲ್ಲಿ ಕಾಂಕ್ರೀಟ್ ಗೋಡೆ ಮುಂದೆ ನೀವೇ ಹೊಸದಾಗಿ ನಿಲ್ಲಿಸೋ ಸ್ಟಡ್ ಸಾಲು ಸಾಮಾನ್ಯವಾಗಿ ಬರೀ ಡ್ರೈವಾಲ್ (ಗೋಡೆಗೆ ಹೊಡೆಯೋ ಜಿಪ್ಸಮ್ ಹಲಗೆ) ಹಿಡಿಯೋಕೆ. ಅನುಮಾನ ಇದ್ರೆ ಭಾರದ್ದು ಅಂತಲೇ ಲೆಕ್ಕ ಹಾಕಿ.

ಎಷ್ಟು ದೊಡ್ಡ ತೂತು, ಎಲ್ಲಿ?

ಮೊದಲಿಗೆ, 2×4 ಅನ್ನೋದು ಬರೀ ಹೆಸರು. ಟೇಪ್ ಇಟ್ರೆ ಒಂದೂವರೆ ಇಂಚು ದಪ್ಪ, ಮೂರೂವರೆ ಇಂಚು ಅಗಲ. 2×6 ಅಂದ್ರೆ 5.5 ಇಂಚು, 2×8 ಅಂದ್ರೆ 7.25, 2×10 ಅಂದ್ರೆ 9.25, 2×12 ಅಂದ್ರೆ 11.25. ಲೆಕ್ಕ ಎಲ್ಲ ಈ ನಿಜವಾದ ಅಳತೆ ಮೇಲೇ.

ಸ್ಟಡ್: ಭಾರದ ಗೋಡೇಲಿ ತೂತಿನ ವ್ಯಾಸ ಸ್ಟಡ್ ಅಗಲದ 40% ದಾಟಬಾರದು, ಭಾರ ಇಲ್ಲದ ಗೋಡೇಲಿ 60%. ಅಂದ್ರೆ 2×4ಗೆ 1.4 ಇಂಚು ಮತ್ತು 2.1 ಇಂಚು, 2×6ಗೆ 2.2 ಮತ್ತು 3.3. ಭಾರದ ಗೋಡೇಲಿ 40%ಗಿಂತ ದೊಡ್ಡದು ಬೇಕೇ ಬೇಕು ಅಂದ್ರೆ ಆ ಸ್ಟಡ್ಡಿಗೆ ಜೋಡಿ ಸ್ಟಡ್ ಕೊಟ್ಟು 60%ವರೆಗೆ ಹೋಗಬಹುದು, ಅದೂ ಒಟ್ಟೊಟ್ಟಿಗೆ ಎರಡು ಜೋಡಿಗಿಂತ ಹೆಚ್ಚು ಆಗೋ ಹಾಗಿಲ್ಲ. ಎಲ್ಲಾ ಕಡೆ ತೂತಿನ ಅಂಚಿಂದ ಸ್ಟಡ್ಡಿನ ಅಂಚಿಗೆ ಕನಿಷ್ಠ 5/8 ಇಂಚು ಮರ ಉಳೀಬೇಕು, ತೂತೂ ಕಚ್ಚೂ (ಅಂಚಲ್ಲಿ ಕುಯ್ದು ತೆಗೆದ ಜಾಗ) ಒಂದೇ ಮಟ್ಟದಲ್ಲಿ ಬರಬಾರದು.

ವೈರಿಗೆ ಇದರ ಮೇಲೆ ಇನ್ನೊಂದು ನಿಯಮ, ಇದೇ ದಿನಾ ಕೆಲಸಕ್ಕೆ ಬರೋದು: ತೂತಿನ ಅಂಚಿಂದ ಮರದ ಅಂಚಿಗೆ ಒಂದೂಕಾಲು ಇಂಚು ಇರ್ಬೇಕು, ಇಲ್ದಿದ್ರೆ 1/16 ಇಂಚು ದಪ್ಪದ ಸ್ಟೀಲ್ ಪ್ಲೇಟ್ ಹೊಡೀಬೇಕು. ಯಾಕೆ ಒಂದೂಕಾಲು? ಅರ್ಧ ಇಂಚಿನ ಡ್ರೈವಾಲಿಗೆ ಹಾಕೋ ಒಂದೂಕಾಲು ಇಂಚಿನ ಸ್ಕ್ರೂ ಮರದೊಳಗೆ ಮುಕ್ಕಾಲು ಇಂಚು ಹೋಗತ್ತೆ, 1 5/8 ಇಂಚಿನ ಸ್ಕ್ರೂ ಹಾಕಿದ್ರೂ 1 1/8ಕ್ಕೆ ನಿಲ್ಲತ್ತೆ, ವೈರ್ ಮುಟ್ಟಲ್ಲ. ಈಗ 2×4 ಲೆಕ್ಕ ಹಾಕಿ: ಮೂರೂವರೇಲಿ ಎರಡು ಕಡೆ ಒಂದೂಕಾಲು ಕಳೆದ್ರೆ ಮಧ್ಯೆ ಉಳಿಯೋದು ಸರಿಯಾಗಿ ಒಂದಿಂಚು. ಒಂದಿಂಚಿನ ಬಿಟ್ ಹಾಕಿದ್ರೆ ಕೂದಲೆಳೆ ಆಕಡೆ ಈಕಡೆ ಆದ್ರೂ ಪ್ಲೇಟ್ ಹೊಡೀಬೇಕು, ಮುಕ್ಕಾಲು ಇಂಚಿನ ಬಿಟ್ ಹಾಕಿದ್ರೆ ಎರಡು ಕಡೆಗೂ 1/8 ಇಂಚು ಜಾರೋಕೆ ಜಾಗ ಸಿಗತ್ತೆ. ಮನೆ ವೈರಿಂಗಿಗೆ ಮುಕ್ಕಾಲು ಇಂಚೇ ನನ್ನ ಆಯ್ಕೆ, 12-2 ಕೇಬಲ್ (12 ಗೇಜಿನ ಎರಡು ವೈರಿಂದು) ಎರಡು ಆರಾಮಾಗಿ ಹೋಗತ್ತೆ.

ಜೋಯಿಸ್ಟ್: ತೂತಿನ ವ್ಯಾಸ ಜೋಯಿಸ್ಟ್ ಎತ್ತರದ ಮೂರನೇ ಒಂದು ಭಾಗ ದಾಟಬಾರದು, ಮೇಲಂಚು ಕೆಳಂಚಿಂದ 2 ಇಂಚು ದೂರ, ಇನ್ನೊಂದು ತೂತಿಂದಲೋ ಕಚ್ಚಿಂದಲೋ ಕೂಡ 2 ಇಂಚು ದೂರ. 2×8ಗೆ 2.4 ಇಂಚು, 2×10ಗೆ ಮೂರು ಚಿಲ್ಲರೆ, 2×12ಗೆ 3.75. ಜೋಯಿಸ್ಟ್ ಮೇಲೆ ಭಾರ ಬಿದ್ದಾಗ ಅದು ಬಾಗತ್ತೆ, ಮೇಲಿನ ನಾರು ಒತ್ತಿಕೊಳ್ಳತ್ತೆ, ಕೆಳಗಿನ ನಾರು ಎಳಿಸ್ಕೊಳ್ಳತ್ತೆ, ನಟ್ಟನಡುವಿನ ನಾರಿಗೆ ಈ ಎಳೆತ-ಒತ್ತಡ ಎರಡೂ ಇಲ್ಲದಷ್ಟು ಕಮ್ಮಿ. ಅದಕ್ಕೇ ನಡುವಲ್ಲಿ ಕೊರೆದ ಒಂದಿಂಚಿನ ತೂತಿಗೆ ಜೋಯಿಸ್ಟ್ ಕ್ಯಾರೇ ಅನ್ನಲ್ಲ, ಅದೇ ಕೆಳಂಚಲ್ಲಿ ಗರಗಸ ಹಾಕಿ ಮಾಡಿದ ಸಣ್ಣ ಕಚ್ಚಿಂದ ಸೀಳು ಬಿಡತ್ತೆ. ಕಚ್ಚು ಅಂದ್ರೆ ಎತ್ತರದ ಆರನೇ ಒಂದು ಭಾಗಕ್ಕಿಂತ ಆಳ ಇರಬಾರದು, ಜೋಯಿಸ್ಟ್ ಉದ್ದದ ಮಧ್ಯದ ಮೂರನೇ ಭಾಗದಲ್ಲಂತೂ ಇರಲೇಬಾರದು. ನನ್ನ ಕೇಳಿದ್ರೆ ಕಚ್ಚು ಮಾಡೋ ಯೋಚನೆನೇ ಬಿಟ್ಬಿಡಿ. ದೊಡ್ಡ ತೂತುಗಳನ್ನ ಜೋಯಿಸ್ಟ್ ಗೋಡೆ ಮೇಲೆ ಕೂರೋ ತುದಿಗೆ ಹತ್ರ ಮಾಡೋದೂ ಬೇಡ, ಬಾಗೋ ಒತ್ತಡ ಅಲ್ಲಿ ಕಮ್ಮಿ ಇದ್ರೂ ಕತ್ತರಿಸೋ ಒತ್ತಡ ಅಲ್ಲೇ ಜಾಸ್ತಿ.

ಟಾಪ್ ಪ್ಲೇಟ್: ಭಾರದ ಗೋಡೆಯ ಪ್ಲೇಟನ್ನ ಪೈಪಿಗೋಸ್ಕರ ಅರ್ಧಕ್ಕಿಂತ ಹೆಚ್ಚು ಅಗಲ ತೆಗೆದ್ರೆ, ಒಂದೂವರೆ ಇಂಚು ಅಗಲದ 16 ಗೇಜ್ ಗ್ಯಾಲ್ವನೈಸ್ಡ್ ಪಟ್ಟಿಯನ್ನ ತೂತಿನ ಎರಡೂ ಬದಿಗೆ ಎಂಟೆಂಟು ಮೊಳೆ ಹೊಡೆದು ಕಟ್ಟಬೇಕು.

ಆ ಕಡೆ ಏನಿದೆ?

ಹೊಸ ಸ್ಟಡ್ ಗೋಡೇಲಿ ಎಲ್ಲಾ ಕಣ್ಣಿಗೆ ಕಾಣತ್ತೆ. ತೊಂದ್ರೆ ಬರೋದು ಹಳೇ ಗೋಡೇಲಿ, ಮತ್ತೆ ಬೇಸ್‌ಮೆಂಟಿಂದ ಮೇಲಿನ ಮಹಡಿ ಗೋಡೆಗೆ ಪ್ಲೇಟ್ ಮೂಲಕ ಕೊರೆಯೋವಾಗ. ಮೇಲಿರೋದು ಗೋಡೆನಾ, ಹಾಲಿನ ಮರದ ನೆಲನಾ ಅಂತ ಗೊತ್ತಾಗೋಕೆ ಎರಡೂ ಮಹಡೀಲಿ ಕಾಣೋ ಒಂದು ಗುರುತು ಹಿಡೀರಿ, ಡ್ರೈನ್ ಪೈಪೋ ಹೀಟಿಂಗ್ ಡಕ್ಟೋ, ಅಲ್ಲಿಂದ ಮೇಲೂ ಕೆಳಗೂ ಟೇಪ್ ಹಿಡಿದು ಅಳೀರಿ, ಆಮೇಲೆ 1/8 ಇಂಚಿನ ಸಣ್ಣ ಬಿಟ್ಟಲ್ಲಿ ಒಂದು ಪರೀಕ್ಷೆ ತೂತು ಹಾಕಿ ನೋಡಿ. ಆ ಜಾಗದ ಬ್ರೇಕರ್ ಆಫ್ ಮಾಡಿ, ಟೆಸ್ಟರನ್ನ ಮೊದಲು ಕರೆಂಟ್ ಇರೋ ಕಡೆ ಹಿಡಿದು ಕೆಲಸ ಮಾಡ್ತಿದೆ ಅಂತ ಖಾತ್ರಿ ಮಾಡ್ಕೊಂಡು ಆಮೇಲೆ ಇಲ್ಲಿ ಹಿಡೀರಿ. ಗ್ಯಾಸ್ ಲೈನ್ ಎಲ್ಲಿಂದ ಎಲ್ಲಿಗೆ ಹೋಗಿದೆ ಅಂತ ಫರ್ನೇಸಿಂದ ಶುರು ಮಾಡಿ ಕಣ್ಣಲ್ಲೇ ಹಿಂಬಾಲಿಸಿ. 1978ಕ್ಕೆ ಮುಂಚಿನ ಮನೆ ಆಗಿದ್ದು ಮರಕ್ಕೆ ಬಣ್ಣ ಹೊಡೆದಿದ್ರೆ ಆ ಬಣ್ಣದಲ್ಲಿ ಸೀಸ ಇರಬಹುದು, ಟೆಸ್ಟ್ ಮಾಡಿಸದೆ ಪುಡಿ ಎಬ್ಬಿಸ್ಬೇಡಿ, ಮನೇಲಿ ಮಕ್ಕಳಿದ್ರಂತೂ ಖಂಡಿತ ಬೇಡ.

ಡ್ರಿಲ್ಲು, ಬಿಟ್ಟು

ಸ್ಟಡ್ಡುಗಳ ಮಧ್ಯದಿಂದ ಮಧ್ಯಕ್ಕೆ 16 ಇಂಚು ಇದ್ರೆ ಖಾಲಿ ಜಾಗ 14.5 ಇಂಚು ಅಷ್ಟೇ. ಮಾಮೂಲಿ ಡ್ರಿಲ್ಲಿಗೆ ಉದ್ದದ ಬಿಟ್ ಹಾಕಿದ್ರೆ ಅದು ಆ ಸಂದಲ್ಲಿ ನೇರ ಹಿಡಿಯೋಲ್ಲ, ಓರೆಯಾಗಿ ಕೊರೀಬೇಕಾಗತ್ತೆ, ಓರೆ ತೂತು ಮರದಲ್ಲಿ ಮೊಟ್ಟೆ ಆಕಾರಕ್ಕೆ ಅಗಲ ಆಗತ್ತೆ, ಒಂದು ಕಡೆ ಅಂಚಿಗೆ ಹತ್ರ ಬರತ್ತೆ, ಕೇಬಲ್ ಎಳೆಯೋವಾಗ ಮೂಲೆಗೆ ಉಜ್ಜತ್ತೆ. ಅದಕ್ಕೇ ರೈಟ್ ಆಂಗಲ್ ಡ್ರಿಲ್ ಇರೋದು. ಹತ್ತು-ಹನ್ನೆರಡು ತೂತಿಗೆ ಕೊಳ್ಳೋದು ಬೇಡ, ಹೋಮ್ ಡಿಪೋದಲ್ಲಿ ದಿನದ ಬಾಡಿಗೆಗೆ ಸಿಗತ್ತೆ.

ಸ್ಪೇಡ್ ಬಿಟ್ ಅಗ್ಗ, ಒಂದಿಂಚಿನ ತನಕ ಪರವಾಗಿಲ್ಲ, ಆದ್ರೆ ಆ ಕಡೆ ಹೊರಗೆ ಬರೋವಾಗ ಮರ ಸಿಬುರು ಸಿಬುರು ಮಾಡತ್ತೆ. ಆಗರ್ ಬಿಟ್ ತುದೀಲಿ ಸ್ಕ್ರೂ ಇರತ್ತೆ, ತಾನೇ ಒಳಗೆ ಎಳ್ಕೊಂಡು ಹೋಗತ್ತೆ, ನಾವು ಒತ್ತೋದೇ ಬೇಡ, ಬೇಸ್‌ಮೆಂಟ್ ಪೂರ್ತಿ ವೈರಿಂಗ್ ಮಾಡೋರು ಇದನ್ನೇ ತಗೊಳ್ಳಿ, ಮೊಳೆ ಸಿಕ್ಕಿದ್ರೂ ತಡ್ಕೊಳ್ಳೋ ನೇಲ್ ಕಟಿಂಗ್ ಥರದ್ದು ಇನ್ನೂ ಒಳ್ಳೇದು. ದೊಡ್ಡ ಪೈಪಿಗೆ ಸೆಲ್ಫ್ ಫೀಡ್ ಬಿಟ್ (ತಾನೇ ಒಳಗೆ ಎಳ್ಕೊಳ್ಳೋ ಅಗಲದ ಬಿಟ್). ಹೋಲ್ ಸಾ (ಬಟ್ಟಲಿನ ಆಕಾರದ ಗರಗಸ) ನಿಧಾನ, ಜೊತೆಗೆ ಒಳಗೆ ಸಿಕ್ಕೊಂಡ ಗುಂಡು ಮರ ಕಿತ್ತು ತೆಗೆಯೋಷ್ಟರಲ್ಲಿ ತಾಳ್ಮೆ ಹೋಗತ್ತೆ.

ಕೊರೆಯೋದು

1. ಗೋಡೆ ಉದ್ದಕ್ಕೂ ಒಂದೇ ಎತ್ತರಕ್ಕೆ ಲೇಸರ್ ಹಿಡೀರಿ ಇಲ್ಲಾ ಚಾಕ್ ಲೈನ್ ಹೊಡೀರಿ. ಔಟ್ಲೆಟ್ ಬಾಕ್ಸಿಗಿಂತ ಒಂದಡಿ ಮೇಲೆ ಇಟ್ರೆ ಕೇಬಲ್ ಇಳಿಸಿ ಪಿನ್ ಹೊಡೆಯೋಕೆ ಸರಿಹೋಗತ್ತೆ. ಪ್ರತಿ ಸ್ಟಡ್ಡಿನ ಅಗಲದ ಮಧ್ಯಕ್ಕೆ, 2×4 ಆದ್ರೆ 1 3/4 ಇಂಚಿಗೆ, ಅಡ್ಡ ಗೀಟು ಎಳೀರಿ. ಎರಡನೇ ತೂತು ಬೇಕಾದ್ರೆ ಮೊದಲನೇದರ ಮೇಲೋ ಕೆಳಗೋ ಕೆಲವು ಇಂಚು ಬಿಟ್ಟು, ಪಕ್ಕಪಕ್ಕ ಬೇಡ, ಪಕ್ಕಪಕ್ಕ ಮಾಡಿದ್ರೆ ಎರಡೂ ಸೇರಿ ಸ್ಟಡ್ಡಿನ ಅಗಲನೇ ತಿಂದುಹಾಕತ್ತೆ.

2. ಕಣ್ಣಿಗೆ ಗಾಗಲ್ಸ್, ಕಿವಿಗೆ ಪ್ಲಗ್. ಸಡಿಲ ಗ್ಲೌಸು, ಜುಬ್ಬಾ ತೋಳು, ಕತ್ತಲ್ಲಿ ನೇತಾಡೋ ಇಯರ್‌ಫೋನು, ಬಿಚ್ಚಿಟ್ಟ ಕೂದಲು ಯಾವುದೂ ತಿರುಗೋ ಬಿಟ್ ಹತ್ರ ಬರಬಾರದು.

3. ಈ ಹಂತದಲ್ಲಿ ಸ್ವಲ್ಪ ನಿಲ್ಲಿ, ಈ ಕೆಲಸದಲ್ಲಿ ಕೈ ಮುರ್ಕೊಳ್ಳೋದು ಇಲ್ಲೇ. ದೊಡ್ಡ ಬಿಟ್ಟು ಮೊಳೆಗೋ ಗಂಟಿಗೋ ಸಿಕ್ಕಿ ನಿಂತಾಗ ಮೋಟಾರ್ ನಿಲ್ಲಲ್ಲ, ಆಗ ಬಿಟ್ ಬದಲು ಡ್ರಿಲ್ಲಿನ ಮೈಯೇ ತಿರುಗತ್ತೆ. ಬಿಟ್ಟು ನಮ್ಮ ಕಡೆಯಿಂದ ನೋಡಿದ್ರೆ ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗ್ತಿರತ್ತೆ, ಹಾಗಾಗಿ ಡ್ರಿಲ್ಲಿನ ಮೈ ಅದರ ಉಲ್ಟಾ ದಿಕ್ಕಿಗೆ ಚಿಮ್ಮತ್ತೆ, ಪಿಸ್ತೂಲ್ ಥರದ ಡ್ರಿಲ್ಲಿನ ಹಿಡಿ ಆದ್ರೆ ಬಲಗಡೆಗೆ. ಕೈಗೆ ಗೊತ್ತಾಗೋ ಮುಂಚೆ ಮಣಿಕಟ್ಟು ತಿರುಚಿ ಆಗಿರತ್ತೆ. ಸೈಡ್ ಹ್ಯಾಂಡಲ್ ಹಾಕಿ ಎರಡೂ ಕೈಲಿ ಹಿಡೀರಿ, ಗೇರ್ ನಿಧಾನಕ್ಕೆ ಇಡಿ, ಟ್ರಿಗರ್ ಲಾಕ್ ಮಾಡ್ಬೇಡಿ. ಜೋಯಿಸ್ಟ್ ಕೊರೆಯೋವಾಗ, ಡ್ರಿಲ್ ಚಿಮ್ಮೋ ದಿಕ್ಕು ಮೇಲಿನ ಸಬ್‌ಫ್ಲೋರಿಗೆ (ಮಹಡಿ ನೆಲದ ಹಲಗೆಗೆ) ಬರೋ ಹಾಗೆ ಹಿಡಿದು, ಮೊದಲೇ ಅದಕ್ಕೆ ಒರಗಿಸಿಡಿ. ಆಗ ಸಿಕ್ಕೊಂಡ್ರೂ ಡ್ರಿಲ್ ಮರಕ್ಕೆ ಒತ್ತತ್ತೆ, ನಿಮ್ಮ ದವಡೆಗಲ್ಲ. ಏಣಿ ತುದೀಲಿ ಒಂದು ಕಾಲು ಮೇಲೆ ನಿಂತು ಸೆಲ್ಫ್ ಫೀಡ್ ಬಿಟ್ ಹಾಕೋರನ್ನ ನೋಡಿದ್ರೆ ನನಗೆ ಮೈ ಉರಿಯತ್ತೆ, ಅಗಲವಾದ ಪ್ಲಾಟ್‌ಫಾರಂ ಏಣಿ ಇಟ್ಕೊಳ್ಳಿ.

4. ಬಿಟ್ ತುದಿಯನ್ನ ಗೀಟಿನ ಮೇಲೆ ಕೂರಿಸಿ ನಿಧಾನಕ್ಕೆ ಶುರು ಮಾಡಿ, ಸ್ಕ್ರೂ ಕಚ್ಚಿಕೊಂಡ ಮೇಲೆ ಸ್ಪೀಡ್ ಕೊಡಿ. ಶಬ್ದ ಕೇಳ್ತಿರಿ. ಒಂದೇ ಸಮ ಗುರ್ ಅನ್ನೋದು ತಟ್ಟನೆ ಕೀರಲಾದ್ರೆ ಮೊಳೆ ಸಿಕ್ಕಿದೆ ಅಂತ, ತಕ್ಷಣ ಟ್ರಿಗರ್ ಬಿಟ್ಟು, ರಿವರ್ಸ್ ಹಾಕಿ ಹೊರಗೆ ತೆಗೆದು ಜಾಗ ಬದಲಿಸಿ. ಆ ಕಡೆ ತುದಿ ಹೊರಗೆ ಬರೋ ಹೊತ್ತಿಗೆ ಒತ್ತೋದು ಬಿಡಿ, ಬಿಟ್ ಜಾಸ್ತಿ ಸಿಕ್ಕೊಳ್ಳೋದು ಆ ಕೊನೇ ಕಾಲಿಂಚಲ್ಲೇ. ಇನ್ನೊಂದು ಕೈ ಆ ಕಡೆ ಇಟ್ಟಿಲ್ಲ ತಾನೆ?

ಪೈಪಿನ ಲೆಕ್ಕ ಬೇರೆ

ಪೈಪಿನ ಹೆಸರಿನ ಸೈಜ್ ನೋಡಿ ಬಿಟ್ ತಗೊಂಡ್ರೆ ಪೈಪ್ ಒಳಗೆ ಹೋಗಲ್ಲ. ಅರ್ಧ ಇಂಚಿನ ಪೆಕ್ಸ್ (ಬಾಗೋ ಪ್ಲಾಸ್ಟಿಕ್ ನೀರಿನ ಪೈಪ್) ಹೊರಗಿಂದ 5/8 ಇಂಚು, ಮುಕ್ಕಾಲಿಂದು 7/8. ಒಂದೂವರೆ ಇಂಚಿನ ಪಿವಿಸಿ 1.9 ಇಂಚು, 2 ಇಂಚಿಂದು 2 3/8, 3 ಇಂಚಿಂದು ಮೂರೂವರೆ. ನೀರಿನ ಪೈಪಿಗೆ ತೂತು ಸ್ವಲ್ಪ ಸಡಿಲ ಇರಲಿ, ಬಿಸಿ ನೀರು ಬಂದಾಗ ಪ್ಲಾಸ್ಟಿಕ್ ಪೈಪ್ ಉದ್ದ ಆಗಿ ಮರಕ್ಕೆ ಉಜ್ಜಿ ರಾತ್ರಿಯೆಲ್ಲ ಟಕ್ ಟಕ್ ಅನ್ನತ್ತೆ. ಚಳಿ ರಾಜ್ಯದಲ್ಲಿದ್ರೆ ಹೊರಗಿನ ಗೋಡೆ ಒಳಗೆ ನೀರಿನ ಪೈಪ್ ಹಾಕ್ಲೇಬೇಡಿ, ಜನವರೀಲಿ ಒಡೆಯತ್ತೆ.

ಈಗ ಇದನ್ನ ಮೇಲಿನ ಮಿತಿಗೆ ಹಿಡಿದು ನೋಡಿ. ಒಂದೂವರೆ ಇಂಚಿನ ಡ್ರೈನಿಗೆ 2 ಇಂಚಿನ ತೂತು, ಭಾರ ಇಲ್ಲದ 2×4 ಗೋಡೇಲಿ ಸರಿಹೋಗತ್ತೆ, ಭಾರದ ಗೋಡೇಲಿ ಜೋಡಿ ಸ್ಟಡ್ ಕೊಡದೆ ಆಗಲ್ಲ. 2 ಇಂಚಿನ ಡ್ರೈನ್ 2×4 ಸ್ಟಡ್ಡಲ್ಲಿ ಅಡ್ಡ ಹೋಗೋದೇ ಇಲ್ಲ, ಬಾತ್‌ರೂಮಿನ ಪ್ಲಂಬಿಂಗ್ ಗೋಡೆಯನ್ನ 2×6ಲ್ಲಿ ಕಟ್ಟೋದು ಅದಕ್ಕೇ. ಕಮೋಡಿನ 3 ಇಂಚಿನ ಡ್ರೈನಿಗೆ ಮೂರೂವರೆಗಿಂತ ದೊಡ್ಡ ತೂತು ಬೇಕು, 2×10 ಜೋಯಿಸ್ಟಿನ ಮಿತಿ ಮೂರು ಚಿಲ್ಲರೆ, ಅಂದ್ರೆ ಅದು 2×10 ಜೋಯಿಸ್ಟನ್ನ ಅಡ್ಡ ದಾಟೋ ಹಾಗೇ ಇಲ್ಲ. ಮೇಲಿನ ಮಹಡೀಲಿ ಹೊಸ ಬಾತ್‌ರೂಮ್ ಹಾಕೋರು ಕಮೋಡ್ ಜಾಗ ಆರಿಸೋ ಮುಂಚೆನೇ ಜೋಯಿಸ್ಟ್ ಯಾವ ಕಡೆ ಓಡತ್ತೆ ಅಂತ ನೋಡ್ಕೊಂಡು, ಆ ಪೈಪ್ ಎರಡು ಜೋಯಿಸ್ಟಿನ ನಡುವೆನೇ ಉದ್ದುದ್ದ ಹೋಗೋ ಹಾಗೆ ಪ್ಲಾನ್ ಮಾಡಿ.

ಡ್ರೈನಿಗೆ ಇಳಿಜಾರೂ ಬೇಕು, 2 ಇಂಚಿನ ಪೈಪಿಗೆ ಅಡಿಗೆ ಕಾಲಿಂಚು. 16 ಇಂಚಿಗೊಂದು ಜೋಯಿಸ್ಟ್ ಅಂದ್ರೆ ಒಂದೊಂದು ತೂತೂ ಹಿಂದಿನದಕ್ಕಿಂತ 1/3 ಇಂಚು ಕೆಳಗೆ ಬರಬೇಕು. 2×10ರಲ್ಲಿ ಮೇಲೆ-ಕೆಳಗೆ ಎರಡೆರಡು ಇಂಚು ಬಿಟ್ರೆ ಉಳಿಯೋದು ಐದೂಕಾಲು ಇಂಚು, ಅದರಲ್ಲಿ 2 9/16 ಇಂಚಿನ ತೂತು ಮೇಲಿಂದ ಕೆಳಗೆ ಇಳಿಯೋಕೆ ಸಿಗೋದು ಎರಡೂವರೆ ಇಂಚು ಚಿಲ್ಲರೆ. ಅಂದ್ರೆ ಹತ್ತಡಿ ಚಿಲ್ಲರೆ ದೂರಕ್ಕೆ ಜಾಗ ಖಾಲಿ, ಅದಕ್ಕಿಂತ ಉದ್ದ ಬೇಕಾದ್ರೆ ಪೈಪನ್ನ ಜೋಯಿಸ್ಟ್ ಕೆಳಗೆ ತಗೊಂಡು ಸೋಫಿಟ್ (ಪೆಟ್ಟಿಗೆ ಥರದ ಮುಚ್ಚಿಗೆ) ಕಟ್ಟಿ ಮುಚ್ಚಬೇಕು. ಇದನ್ನ ಪೇಪರ್ ಮೇಲೆ ಹಾಕದೆ ಮೊದಲನೇ ತೂತು ಕೊರೆದವರಿಗೆ ಕೊನೇ ಜೋಯಿಸ್ಟಲ್ಲಿ ಗೊತ್ತಾಗತ್ತೆ.

ಎಳೆದ ಮೇಲೆ

ಕೇಬಲ್ ದರದರ ಎಳೀಬೇಡಿ, ಇಬ್ಬರಿದ್ರೆ ಒಬ್ಬರು ಸುರುಳಿ ಬಿಚ್ಚಿ ಕೊಡ್ತಾ ಹೋಗ್ಲಿ. ಬಾಕ್ಸಿಂದ 12 ಇಂಚೊಳಗೆ ಒಂದು ಸ್ಟೇಪಲ್, ಕ್ಲಾಂಪ್ ಇಲ್ಲದ ಸಿಂಗಲ್ ಪ್ಲಾಸ್ಟಿಕ್ ಬಾಕ್ಸ್ ಆದ್ರೆ 8 ಇಂಚೊಳಗೆ, ಆಮೇಲೆ ನಾಲ್ಕೂವರೆ ಅಡಿಗೊಂದು. ಅಡ್ಡ ಓಡೋ ಕಡೆ ತೂತುಗಳೇ ಆಧಾರ ಕೊಡೋದ್ರಿಂದ ಅಲ್ಲಿ ಬೇರೆ ಬೇಡ. ಒಂದೇ ತೂತಲ್ಲಿ ಎರಡಕ್ಕಿಂತ ಹೆಚ್ಚು ಕೇಬಲ್ ತುರುಕಿ ಫೋಮ್ ಹೊಡೆದ್ರೆ ಬಿಸಿ ಹೊರಗೆ ಹೋಗಲ್ಲ, ಕೋಡ್ ಆ ಕೇಬಲ್ಲುಗಳ ಆಂಪ್ಸ್ ಕಮ್ಮಿ ಲೆಕ್ಕ ಹಾಕು ಅನ್ನತ್ತೆ, ಆ ತಲೆನೋವಿಗಿಂತ ಇನ್ನೊಂದು ತೂತು ವಾಸಿ.

ಅಂಚಿಂದ ಒಂದೂಕಾಲು ಇಂಚು ಸಿಗದ ಕಡೆಯೆಲ್ಲ ನೇಲ್ ಪ್ಲೇಟ್ (ಮೇಲೆ ಹೇಳಿದ ಸ್ಟೀಲ್ ಪ್ಲೇಟ್) ಹೊಡೀರಿ, ಪೈಪಿಗೂ ಅದೇ, ಹಳೇ ಆವೃತ್ತಿ ಕೋಡ್ ಇರೋ ಕಡೆ ಪೈಪಿಗೆ ಒಂದೂವರೆ ಇಂಚು ಕೇಳ್ತಾರೆ. ಪೈಪು ಮರದ ಪ್ಲೇಟ್ ದಾಟೋ ಜಾಗದಲ್ಲಿ ಲೋಹದ ಪ್ಲೇಟ್ ಆ ಮರಕ್ಕಿಂತ ಎರಡಿಂಚು ಮುಂದಕ್ಕೂ ಚಾಚಿರ್ಬೇಕು. ಕೆಲವು ಸೆಂಟಿನ ಸಾಮಾನು, ಜಿಪುಣತನ ಬೇಡ. ಒಂದು ಕಡೆ ಮಾತ್ರ ಕೋಡ್ ಕೇಳದಿದ್ರೂ ನಾನು ಹೊಡೀತೀನಿ: ಟಿವಿ ಬರೋ ಗೋಡೇಲಿ. ಟಿವಿ ಬ್ರಾಕೆಟ್ಟಿನ ಎರಡೂವರೆ ಇಂಚಿನ ಲ್ಯಾಗ್ ಬೋಲ್ಟ್ ಡ್ರೈವಾಲ್ ದಾಟಿ ಸ್ಟಡ್ಡೊಳಗೆ ಒಂದೂಮುಕ್ಕಾಲು ಇಂಚಿನ ಹತ್ರ ಹೋಗತ್ತೆ, ನಾವು ಅಷ್ಟು ಕಷ್ಟಪಟ್ಟು ಮಧ್ಯಕ್ಕೆ ಕೊರೆದ ತೂತು ಇರೋದೂ ಸರಿಯಾಗಿ ಅಲ್ಲೇ. ಸಾಧ್ಯ ಆದ್ರೆ ಆ ಗೋಡೇಲಿ ಕೇಬಲ್ ಸಾಲನ್ನೇ ಬ್ರಾಕೆಟ್ ಎತ್ತರದಿಂದ ದೂರ ಇಡಿ.

ಮೇಲಿನ ಕೆಳಗಿನ ಪ್ಲೇಟುಗಳಲ್ಲಿ ಮಾಡಿದ ತೂತು ಬೆಂಕಿಗೆ ಚಿಮಣಿ ಆಗತ್ತೆ, ಅವುಗಳ ಸಂದು ತುಂಬೋಕೆ ಫೈರ್‌ಬ್ಲಾಕ್ ಅಂತ ಲೇಬಲ್ ಇರೋ ಸೀಲಂಟೋ ಕಿತ್ತಳೆ ಬಣ್ಣದ ಫೋಮೋ ಬಳಸಿ, ಮಾಮೂಲಿ ಹಳದಿ ಫೋಮಿಗೆ ಇನ್ಸ್‌ಪೆಕ್ಟರ್ ಒಪ್ಪದೆ ಇರಬಹುದು. ಸ್ಟಡ್ ಸ್ಟಡ್ಡಿನ ನಡುವಿನ ಅಡ್ಡ ತೂತಿಗೆ ಇದೇನೂ ಬೇಡ.

ಎಲ್ಲಾ ಆದ್ಮೇಲೆ ಟೇಪನ್ನ ನೆಲದಿಂದ ಮೇಲಕ್ಕೆ ಬಿಚ್ಚಿ ನಿಲ್ಲಿಸಿ ಒಂದೊಂದು ಗೋಡೆ ಫೋಟೋ ತೆಗೆದಿಡಿ, ಅಳತೆ ಫೋಟೋದಲ್ಲೇ ಕಾಣೋ ಹಾಗೆ. ಆಮೇಲೆ ರಫ್ ಇನ್‌ಸ್ಪೆಕ್ಷನ್‌ಗೆ (ಗೋಡೆ ಮುಚ್ಚೋ ಮುಂಚಿನ ತಪಾಸಣೆಗೆ) ಬುಕ್ ಮಾಡಿ. ಇನ್ಸ್‌ಪೆಕ್ಟರ್ ಬಂದು ನೋಡಿ ಸೈನ್ ಹಾಕೋ ತನಕ ಇನ್ಸುಲೇಶನ್ ತುಂಬಬೇಡಿ, ಡ್ರೈವಾಲ್ ತಂದಿದ್ರೂ ಗ್ಯಾರೇಜಲ್ಲೇ ಇರಲಿ.